ಬೂಸ್ಟು, ಕ್ಲಚ್ಚು ಮತ್ತು ಮೊದಲ 60 ಅಡಿ

ಟರ್ಬೊ ಹಾಕಿಸಲು ಬರುವವರ ಮೊದಲ ಪ್ರಶ್ನೆ "ಅಣ್ಣಾ, ಎಷ್ಟು ಎಚ್‌ಪಿ ಬರುತ್ತೆ?" ಎರಡನೆಯದು "ಎಷ್ಟು ಖರ್ಚಾಗುತ್ತೆ?" ಗಾಡಿ ನೆಟ್ಟಗೆ ಹೋಗುತ್ತಾ, ಕ್ಲಚ್ ತಡೆಯುತ್ತಾ ಎಂದು ಕೇಳುವವರು ತೀರಾ ಕಡಿಮೆ. ಬೆಂಗಳೂರಿನಲ್ಲಿ ದೊಡ್ಡ ಬೈಕುಗಳ ಎಂಜಿನ್ ಬಿಚ್ಚಿ ಜೋಡಿಸುವುದೇ ನನ್ನ ಹೊಟ್ಟೆಪಾಡು. ಅಶ್ವಶಕ್ತಿ ಹೆಚ್ಚಿಸುವುದು ಈ ಕೆಲಸದಲ್ಲಿ ಎಲ್ಲಕ್ಕಿಂತ ಸುಲಭದ ಭಾಗ ಎಂದು ಹೇಳಿದರೆ ಹುಡುಗರು ನಂಬುವುದಿಲ್ಲ. ಆ ಶಕ್ತಿಯನ್ನು ಎಲ್ಲಿ ಬಿಡಬೇಕು, ಎಲ್ಲಿ ಹಿಡಿದಿಡಬೇಕು ಅನ್ನುವುದರಲ್ಲೇ ಮಿಕ್ಕ ದುಡ್ಡು, ನಿದ್ದೆ ಎರಡೂ ಹೋಗುವುದು.

ಇಲ್ಲಿ ಬರೆದಿರುವುದೆಲ್ಲ ಸುಜುಕಿ ಹಯಾಬುಸಾ ಲೆಕ್ಕದಲ್ಲಿ. 1999ರಲ್ಲಿ 1299 ಸಿಸಿ ಎಂಜಿನ್ನಿನೊಂದಿಗೆ ಬಂದ ಗಾಡಿ; 2008ರ ಮಾದರಿಯಿಂದ 1340 ಸಿಸಿ ಆಯಿತು. ನಮ್ಮ ದೇಶದಲ್ಲಿ ಅದನ್ನು ಮನೆಮಾತು ಮಾಡಿದ್ದು 2004ರ 'ಧೂಮ್' ಸಿನಿಮಾ. ಅಮೆರಿಕದ ಡ್ರ್ಯಾಗ್ ಟ್ರ್ಯಾಕುಗಳಲ್ಲಿ ಅದಕ್ಕೆ ಬಂದ ಹೆಸರಿಗೆ ಕಾರಣ ಬೇರೆ: ಗಟ್ಟಿಮುಟ್ಟಾದ ಕೆಳಭಾಗ, ದೊಡ್ಡ ಬೋರ್, ಟರ್ಬೊ ಹಾಕಿದರೆ ಎರಡರಷ್ಟು ಶಕ್ತಿ ಕೊಟ್ಟರೂ ತಡೆದುಕೊಳ್ಳುವ ಕ್ರ್ಯಾಂಕು. ನಾವು ಓಡಿಸುವುದು ಕಾಲು ಮೈಲಿ, ಅಂದರೆ 402 ಮೀಟರ್. ಬೆಂಗಳೂರಿನವರಿಗೆ ಹತ್ತಿರದ ಜಾಗ ಶ್ರೀಪೆರಂಬುದೂರು ಪಕ್ಕದ ಇರುಂಗಾಟ್ಟುಕೋಟೈ ಟ್ರ್ಯಾಕು; ಸ್ವಲ್ಪ ದೂರವಾದರೂ ಪರವಾಗಿಲ್ಲ ಅನ್ನುವವರು ಲೋಣಾವಳದ ಕಡೆ ಆಂಬಿ ವ್ಯಾಲಿಯ ರನ್‌ವೇಗೆ ಹೋಗುತ್ತಾರೆ.

1. ಹಳೇ ಎಂಜಿನ್ನಿನ ಕಾಯಿಲೆ ಟರ್ಬೊ ಹಾಕಿದ ಮೇಲೆ ವಾಸಿಯಾಗುವುದಿಲ್ಲ

ಕಂಪ್ರೆಷನ್ ಟೆಸ್ಟ್, ಲೀಕ್‌ಡೌನ್ ಟೆಸ್ಟ್ ಮಾಡದೆ ಟರ್ಬೊ ಡಬ್ಬ ತೆರೆಯಬೇಡಿ. ಒಂದು ಸಿಲಿಂಡರಿನಲ್ಲಿ ವಾಲ್ವ್ ಸ್ವಲ್ಪ ಸೋರುತ್ತಿದ್ದರೆ ಸ್ಟಾಕ್ ಗಾಡಿಯಲ್ಲಿ ಗೊತ್ತೇ ಆಗುವುದಿಲ್ಲ. ಬೂಸ್ಟ್ ಬಂದ ದಿನ ಅದೇ ಸಿಲಿಂಡರ್ ಮೊದಲು ಹೋಗುವುದು. ಎರಡನೇ ಗೇರ್ ಹಾರುತ್ತಿದ್ದರೂ ಅಷ್ಟೇ: ಗೇರುಗಳ ಹಲ್ಲನ್ನು ಅಂಡರ್‌ಕಟ್ ಮಾಡಿಸದೆ ಮುಂದಕ್ಕೆ ಹೋಗಬೇಡಿ.

2. ಕಂಪ್ರೆಷನ್ ಇಳಿಸದೆ ಬೂಸ್ಟ್ ಏರಿಸಬೇಡಿ

ಮೊದಲ ತಲೆಮಾರಿನ ಹಯಾಬುಸಾದ ಕಂಪ್ರೆಷನ್ 11ಕ್ಕೆ 1, ಎರಡನೆಯದರದು 12.5ಕ್ಕೆ 1. ತಾನಾಗಿ ಉಸಿರಾಡುವ ಎಂಜಿನ್ನಿಗೆ ಅದು ಚೆನ್ನ. ಮೊದಲೇ ಒತ್ತಿ ತುಂಬಿದ ಗಾಳಿಯನ್ನು ಮತ್ತೆ ಅಷ್ಟು ಹಿಂಡಿದರೆ ಪೆಟ್ರೋಲು ಸ್ಪಾರ್ಕಿಗೆ ಕಾಯುವುದಿಲ್ಲ, ತಾನೇ ಹೊತ್ತಿಕೊಳ್ಳುತ್ತದೆ. ಅದೇ ನಾಕಿಂಗ್.

ಅಗ್ಗದ ದಾರಿ ಸ್ಪೇಸರ್ ಪ್ಲೇಟು. ಸಿಲಿಂಡರ್ ಬ್ಲಾಕಿನ ಕೆಳಗೆ ಒಂದು ಅಲ್ಯೂಮಿನಿಯಂ ತಗಡು ಸೇರಿಸಿ ಬ್ಲಾಕನ್ನೇ ಎತ್ತುವುದು. ಲೆಕ್ಕ ಸರಳ: 1299 ಸಿಸಿಯಲ್ಲಿ ಒಂದು ಸಿಲಿಂಡರಿಗೆ 325 ಸಿಸಿ, 11ರ ಕಂಪ್ರೆಷನ್ ಅಂದರೆ ಪಿಸ್ಟನ್ ಮೇಲೆ ಬಂದಾಗ ಉಳಿಯುವ ಜಾಗ ಸುಮಾರು 32.5 ಸಿಸಿ. 81 ಮಿ.ಮೀ. ಬೋರಿಗೆ 1.5 ಮಿ.ಮೀ. ಪ್ಲೇಟು ಹಾಕಿದರೆ ಆ ಜಾಗ ಸುಮಾರು 40 ಸಿಸಿ ಆಗಿ ಕಂಪ್ರೆಷನ್ 9ರ ಹತ್ತಿರ ಬರುತ್ತದೆ. 1340 ಸಿಸಿ ಗಾಡಿಗೆ 2 ಮಿ.ಮೀ. ಹಾಕಿದರೆ 9.5. ಇಷ್ಟಕ್ಕೇ ಕೆಲಸ ಮುಗಿಯಲಿಲ್ಲ. ಬ್ಲಾಕು ಮೇಲೆದ್ದರೆ ಕ್ಯಾಮ್ ಚೇನು ಎಳೆದುಕೊಂಡು ಕ್ಯಾಮ್ ಟೈಮಿಂಗ್ ಹಿಂದಕ್ಕೆ ಸರಿಯುತ್ತದೆ; ಸ್ಪ್ರಾಕೆಟಿನ ತೂತುಗಳನ್ನು ಉದ್ದ ಮಾಡಿಸಿ ಡಿಗ್ರಿ ವೀಲ್ ಇಟ್ಟು ಮತ್ತೆ ಕೂಡಿಸಬೇಕು. ದುಡ್ಡಿದ್ದರೆ ಪ್ಲೇಟಿನ ಗೋಜು ಬಿಟ್ಟು ಕಡಿಮೆ ಕಂಪ್ರೆಷನ್ನಿನ ಫೋರ್ಜ್ಡ್ ಪಿಸ್ಟನ್ ಹಾಕಿಸಿ ಅನ್ನುವುದು ನನ್ನ ಮಾತು. ಜೊತೆಗೆ ಒಳ್ಳೆಯ ಕನೆಕ್ಟಿಂಗ್ ರಾಡು, ದಪ್ಪ ಹೆಡ್ ಸ್ಟಡ್ಡು. ಬೂಸ್ಟ್ ಹೆಡ್ಡನ್ನು ಮೇಲಕ್ಕೆ ಎತ್ತಲು ನೋಡುತ್ತಲೇ ಇರುತ್ತದೆ. ಸ್ಟಾಕ್ ಸ್ಟಡ್ಡು ರಬ್ಬರಿನ ಹಾಗೆ ಜಗ್ಗಿದರೆ ಗ್ಯಾಸ್ಕೆಟ್ ಬೀಸಿಕೊಂಡು ಹೋಗುತ್ತದೆ.

3. ಬೆಂಗಳೂರಿನ 10 ಪಿಎಸ್‌ಐ ಬೇರೆ, ಶ್ರೀಪೆರಂಬುದೂರಿನ 10 ಪಿಎಸ್‌ಐ ಬೇರೆ

ನಮ್ಮ ಊರಿನ ಟ್ಯೂನರುಗಳೆಲ್ಲ ಎಡವುವ ಜಾಗ ಇದು. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗೂ ಮೇಲಿದೆ. ಇಲ್ಲಿ ಸುತ್ತಲಿನ ಗಾಳಿಯ ಒತ್ತಡವೇ 13.2 ಪಿಎಸ್‌ಐ ಆಸುಪಾಸು. ಚೆನ್ನೈ ಕಡೆ 14.7. ಬೂಸ್ಟ್ ಮಿತಿ ಮೀರದಂತೆ ತಡೆಯುವ ವೇಸ್ಟ್‌ಗೇಟಿನ ಸ್ಪ್ರಿಂಗಿಗೆ ಗೊತ್ತಿರುವುದು ಒಳಗಿನ ಒತ್ತಡ ಹೊರಗಿಗಿಂತ ಎಷ್ಟು ಹೆಚ್ಚು ಅನ್ನುವುದಷ್ಟೇ. ಗೇಜು ಎರಡೂ ಕಡೆ 10 ತೋರಿಸಿದರೂ ಎಂಜಿನ್ನಿಗೆ ಸಿಗುವ ಒಟ್ಟು ಒತ್ತಡ ಇಲ್ಲಿ 23.2, ಅಲ್ಲಿ 24.7. ಆರೂವರೆ ಶೇಕಡಾ ಹೆಚ್ಚು.

ಹಾಗಾದರೆ ಅಲ್ಲಿ ಗಾಡಿ ಇನ್ನೂ ಚೆನ್ನಾಗಿ ಎಳೆಯಬೇಕಲ್ಲ? ಎಳೆಯುತ್ತದೆ, ಆದರೆ ಪೆಟ್ರೋಲು ಸಾಲದೆ ಎಳೆಯುತ್ತದೆ. ಬೆಂಗಳೂರಿನ ಡೈನೊ ಮೇಲೆ ಕೂಡಿಸಿದ ಇಂಧನದ ಮ್ಯಾಪಿನಲ್ಲಿ ಆ ಹೆಚ್ಚುವರಿ ಗಾಳಿಗೆ ಇಂಧನ ಬರೆದಿರುವುದಿಲ್ಲ. ಮೇಲೆ ಅಲ್ಲಿನ ಬಿಸಿಲು. 35 ಡಿಗ್ರಿಯ ಗಾಳಿಯನ್ನು 10 ಪಿಎಸ್‌ಐಗೆ ಹಿಂಡಿದರೆ, ಕಂಪ್ರೆಸರ್ 70 ಶೇಕಡಾ ದಕ್ಷತೆಯದ್ದಾದರೂ, ಅದು 100 ಡಿಗ್ರಿ ದಾಟಿ ಹೊರಬರುತ್ತದೆ. ಕಾರಿನಲ್ಲಿ ಮುಂದೆ ದೊಡ್ಡ ಇಂಟರ್‌ಕೂಲರ್ ಇಡಬಹುದು; ಬೈಕಿನಲ್ಲಿ ಜಾಗವೆಲ್ಲಿ? ಡ್ರ್ಯಾಗಿನವರು ಸೀಟಿನ ಕೆಳಗೆ ಪುಟ್ಟ ತೊಟ್ಟಿಯಲ್ಲಿ ಐಸ್ ನೀರು ತುಂಬಿ ಅದರಿಂದ ಗಾಳಿ ತಣ್ಣಗೆ ಮಾಡುತ್ತಾರೆ, ಇಲ್ಲವೇ ಇಂಧನವನ್ನೇ ಬದಲಿಸುತ್ತಾರೆ.

ಉಪಾಯ ಇಷ್ಟೇ: ಸ್ಟಾಕ್ ಒತ್ತಡ ಸೆನ್ಸರ್ ಕಿತ್ತು 3 ಬಾರ್ ವರೆಗೆ ಓದುವ ಎಂಎಪಿ (ಒಟ್ಟು ಒತ್ತಡದ) ಸೆನ್ಸರ್ ಹಾಕಿ, ಇಂಧನದ ಕೋಷ್ಟಕವನ್ನು ಗೇಜಿನ ಒತ್ತಡಕ್ಕೆ ಕಟ್ಟದೆ ಒಟ್ಟು ಒತ್ತಡಕ್ಕೆ ಕಟ್ಟಿ. ಇಲ್ಲಿ ಗಾಡಿ ಎಂದೂ ಮುಟ್ಟದ ಮೇಲಿನ ಸಾಲುಗಳನ್ನೂ ತುಂಬಿಡಿ, ಸ್ವಲ್ಪ ರಿಚ್ ಆಗಿಯೇ, ಅಂದರೆ ಇಂಧನ ಹೆಚ್ಚಿಗೆ ಇಟ್ಟು. ಕೃಷ್ಣಗಿರಿ ಘಾಟು ಇಳಿದ ಮೇಲೆ ಬೇಕಾಗುವ ಸಾಲುಗಳು ಅವು.

4. ಪೆಟ್ರೋಲಿನ ಲೆಕ್ಕ ಮೊದಲು ಕಾಗದದ ಮೇಲೆ

ಟರ್ಬೊ ಎಂಜಿನ್ ಒಂದು ಅಶ್ವಶಕ್ತಿಗೆ ಗಂಟೆಗೆ ಸುಮಾರು 270 ಗ್ರಾಂ ಪೆಟ್ರೋಲು ಕುಡಿಯುತ್ತದೆ ಅಂತ ಇಟ್ಟುಕೊಳ್ಳಿ. 400 ಅಶ್ವಶಕ್ತಿ ಬೇಕೆಂದರೆ ಗಂಟೆಗೆ 108 ಕೆ.ಜಿ., ನಿಮಿಷಕ್ಕೆ ಎರಡೂವರೆ ಲೀಟರಿನ ಹತ್ತಿರ. ಓಟ ಒಂಬತ್ತು ಸೆಕೆಂಡಿನದು, ಖರ್ಚಾಗುವುದು ಅರ್ಧ ಲೀಟರಿಗೂ ಕಡಿಮೆ. ಆದರೆ ಆ ಒಂಬತ್ತು ಸೆಕೆಂಡು ಅದೇ ರಭಸದಲ್ಲಿ ಬರುತ್ತಲೇ ಇರಬೇಕು. ಮೊದಲ ತಲೆಮಾರಿನ ಗಾಡಿಯ ನಾಲ್ಕು ಇಂಜೆಕ್ಟರುಗಳಿಗೆ ಹಂಚಿದರೆ ಒಂದೊಂದಕ್ಕೆ 610 ಸಿಸಿ; ಇಂಜೆಕ್ಟರನ್ನು ಶೇಕಡಾ 80ಕ್ಕಿಂತ ಹೆಚ್ಚು ತೆರೆದಿಡಬಾರದು, ಹಾಗಾಗಿ ಕೊಳ್ಳಬೇಕಾದ್ದು ನಿಮಿಷಕ್ಕೆ 750 ಸಿಸಿಗೂ ಮೇಲಿನದ್ದು. ಸ್ಟಾಕ್ ಇಂಜೆಕ್ಟರ್ ಅದರ ಹತ್ತಿರಕ್ಕೂ ಸುಳಿಯುವುದಿಲ್ಲ.

ಇದಕ್ಕಿಂತ ಹೆಚ್ಚು ಪಿಸ್ಟನ್ ತಿಂದಿರುವ ಸಂಗತಿ ಇನ್ನೊಂದಿದೆ. ಪೆಟ್ರೋಲ್ ರೈಲಿನಲ್ಲಿ 3 ಬಾರ್ ಒತ್ತಡ ಇದೆ ಅಂದುಕೊಳ್ಳಿ. ಪ್ಲೀನಮ್ಮಿನಲ್ಲಿ, ಅಂದರೆ ಎಂಜಿನ್ನಿಗೆ ಗಾಳಿ ಹಂಚುವ ಡಬ್ಬದಲ್ಲಿ, 1 ಬಾರ್ ಬೂಸ್ಟ್ ಬಂತು. ಪೆಟ್ರೋಲು ಆ 1 ಬಾರನ್ನು ಎದುರಿಸಿ ಒಳಗೆ ನುಗ್ಗಬೇಕು, ಉಳಿದದ್ದು 2 ಬಾರ್. ಹರಿವು ಒತ್ತಡದ ವರ್ಗಮೂಲಕ್ಕೆ ತಕ್ಕಂತೆ ಇಳಿಯುವುದರಿಂದ ಶೇಕಡಾ 18ರಷ್ಟು ಇಂಧನ ಕಡಿಮೆ, ಅದೂ ಎಂಜಿನ್ ಅತಿ ಹೆಚ್ಚು ಕೇಳುತ್ತಿರುವ ಹೊತ್ತಿನಲ್ಲಿ. ಅದಕ್ಕೇ ರೆಗ್ಯುಲೇಟರಿಗೆ ಬೂಸ್ಟಿನ ಪೈಪ್ ಕೊಡಬೇಕು: ಬೂಸ್ಟ್ ಎಷ್ಟು ಏರಿತೋ ರೈಲಿನ ಒತ್ತಡವೂ ಅಷ್ಟೇ ಏರಬೇಕು. ಆ ಸಣ್ಣ ರಬ್ಬರ್ ಪೈಪ್ ಕ್ಲಿಪ್ ಇಲ್ಲದೆ ಕಳಚಿಕೊಂಡದ್ದರಿಂದ ಕರಗಿದ ಪಿಸ್ಟನ್ ಒಂದು ನನ್ನ ಮೇಜಿನ ಮೇಲೆ ಪೆನ್ ಸ್ಟ್ಯಾಂಡ್ ಆಗಿದೆ. ಗಾಡಿ ಬೇರೆ ಕಡೆ ಕಟ್ಟಿಸಿದ್ದು. ರಿಪೇರಿಗೆ ಇಲ್ಲಿಗೆ ಬಂದಿತ್ತು.

5. ಇಂಧನದಲ್ಲಿ ಜಿಪುಣತನ ಬೇಡ

ಬಂಕಿನ ಮಾಮೂಲಿ ಪೆಟ್ರೋಲಿನಲ್ಲಿ 6-7 ಪಿಎಸ್‌ಐ ಓಡಿಸಿದವರನ್ನು ಕಂಡಿದ್ದೇನೆ, ಹೊಗಳುವುದಿಲ್ಲ. 2020ರ ಕೊನೆಯಿಂದ ಇಂಡಿಯನ್ ಆಯಿಲ್‌ನ 100 ಆಕ್ಟೇನ್ ಪೆಟ್ರೋಲು ಕೆಲವು ಬಂಕುಗಳಲ್ಲಿ ಸಿಗುತ್ತಿದೆ, ದುಬಾರಿಯಾದರೂ ಪಿಸ್ಟನ್ನಿಗಿಂತ ಅಗ್ಗ. ಈಗ ಎಲ್ಲೆಡೆ ಬರುತ್ತಿರುವ ಇ20 ಬಗ್ಗೆ ಬೈಗುಳ ಕೇಳುತ್ತೇನೆ, ಆದರೆ ಎಥೆನಾಲ್ ನಾಕಿಂಗಿಗೆ ಶತ್ರು. ತೊಂದರೆ ಇರುವುದು ಪ್ರಮಾಣದಲ್ಲಿ: ಪೆಟ್ರೋಲು ಪೂರ್ತಿ ಉರಿಯಲು ಒಂದು ಕೆ.ಜಿ.ಗೆ 14.7 ಕೆ.ಜಿ. ಗಾಳಿ ಬೇಕು, ಎಥೆನಾಲಿಗೆ 9 ಸಾಕು, ಮೆಥನಾಲಿಗೆ 6.4. ಅಂದರೆ ಅದೇ ಗಾಳಿಗೆ ಮೆಥನಾಲ್ ಎರಡು ಪಟ್ಟಿಗೂ ಹೆಚ್ಚು ಸುರಿಯಬೇಕು; ಇಂಜೆಕ್ಟರು, ಪಂಪು ಎಲ್ಲ ಮತ್ತೆ ಮೊದಲಿನಿಂದ. ಆದರೆ ಅದು ಆವಿಯಾಗುವಾಗ ಹೀರುವ ಶಾಖ ಪೆಟ್ರೋಲಿನ ಮೂರರಷ್ಟು, ಹಾಗಾಗಿ ಇಂಟರ್‌ಕೂಲರಿನ ಕೆಲಸವನ್ನು ಇಂಧನವೇ ಮಾಡಿಬಿಡುತ್ತದೆ. ಅಪಾಯವೂ ಅಲ್ಲೇ ಇದೆ. ಮೆಥನಾಲ್ ಬೆಂಕಿ ಹಗಲಿನಲ್ಲಿ ಕಣ್ಣಿಗೆ ಕಾಣುವುದೇ ಇಲ್ಲ, ಕುಡಿದರೂ ಚರ್ಮಕ್ಕೆ ಇಳಿದರೂ ವಿಷ. ಪಿಟ್‌ನಲ್ಲಿ ಬಕೆಟ್ ನೀರು, ಕೈಗವಸು ಇಲ್ಲದೆ ಅದರ ಕ್ಯಾನ್ ತೆರೆಯುವವರ ಪಕ್ಕ ನಾನು ನಿಲ್ಲುವುದಿಲ್ಲ.

ಮಿಶ್ರಣ ಎಷ್ಟು ರಿಚ್ ಇರಬೇಕು ಅಂತ ಕೇಳುತ್ತಾರೆ. ಪೆಟ್ರೋಲಿನಲ್ಲಿ ಪೂರ್ತಿ ಬೂಸ್ಟಿಗೆ 11.5ರ ಸುತ್ತಮುತ್ತ ಶುರು ಮಾಡುತ್ತೇನೆ. ವೈಡ್‌ಬ್ಯಾಂಡ್ ಸೆನ್ಸರ್ ಇಲ್ಲದೆ ಕಿವಿಯಿಂದ ಟ್ಯೂನ್ ಮಾಡುತ್ತೇನೆ ಅನ್ನುವವರ ಹತ್ತಿರ ಟರ್ಬೊ ಗಾಡಿ ಬಿಡಬೇಡಿ.

6. ಪ್ಲಗ್ ಓದಲು ಕಲಿಯಿರಿ

ಲ್ಯಾಪ್‌ಟಾಪ್ ಹೇಳದ ಸುದ್ದಿಯನ್ನು ಪ್ಲಗ್ ಹೇಳುತ್ತದೆ. ಸ್ಟಾಕ್ ಗಾಡಿಯಲ್ಲಿ ಎನ್‌ಜಿಕೆ 9ನೇ ನಂಬರ್ ಇರುತ್ತದೆ. ಬೂಸ್ಟಿಗೆ ಕನಿಷ್ಠ 10, ಅಂದರೆ ಇನ್ನೊಂದು ಹಂತ ತಣ್ಣನೆಯದು. ಗ್ಯಾಪನ್ನು 0.6 ಮಿ.ಮೀ. ಆಸುಪಾಸಿಗೆ ಇಳಿಸಿ. ಒತ್ತಡ ಏರಿದಷ್ಟೂ ಕಿಡಿಗೆ ಹಾರುವುದು ಕಷ್ಟ. ಟಾಪ್‌ನಲ್ಲಿ ಗಾಡಿ ತಡವರಿಸಿದರೆ ಮ್ಯಾಪ್ ಕೆದಕುವ ಮೊದಲು ಗ್ಯಾಪ್, ಬ್ಯಾಟರಿ ಎರಡನ್ನೂ ನೋಡಿ.

ಓದುವ ರೀತಿ ಹೀಗೆ. ಹೊಸ ಪ್ಲಗ್ ಹಾಕಿ ಒಂದು ಪೂರ್ತಿ ರನ್. ಫಿನಿಶ್ ದಾಟಿ ಥ್ರಾಟಲ್ ಮುಚ್ಚಿದ ಕೂಡಲೇ ಕಿಲ್ ಸ್ವಿಚ್. ಎಂಜಿನ್ ಮತ್ತೆ ಹಚ್ಚಬೇಡಿ, ತಳ್ಳಿಕೊಂಡು ಬನ್ನಿ. ಐಡಲಿಂಗಿನಲ್ಲಿ ಪಿಟ್ ತನಕ ಓಡಿಸಿಕೊಂಡು ಬಂದರೆ ಮಸಿ ಕೂತು ಎಲ್ಲ ಅಳಿಸಿಹೋಗಿರುತ್ತದೆ. ಬಿಸಿ ಟರ್ಬೊವನ್ನು ಹೀಗೆ ಥಟ್ಟನೆ ನಿಲ್ಲಿಸುವುದು ಬೇರಿಂಗಿಗೆ ಒಳ್ಳೆಯದಲ್ಲ, ನಿಜ. ಪ್ಲಗ್ ಓದುವ ರನ್ನಿನಲ್ಲಿ ಮಾತ್ರ ಆ ತಪ್ಪಿಗೆ ಕ್ಷಮೆ.

ಆಮೇಲೆ ಅಕ್ಕಸಾಲಿಗರು ಕಣ್ಣಿಗೆ ಸಿಕ್ಕಿಸಿಕೊಳ್ಳುವ ಲೂಪ್ ಬೇಕು, ಚಿಕ್ಕಪೇಟೆಯಲ್ಲಿ ಸಿಗುತ್ತದೆ. ಬಿಳಿ ಪಿಂಗಾಣಿಯ ಮೇಲೆ ಮೆಣಸಿನ ಪುಡಿ ಉದುರಿಸಿದಂತೆ ಕಪ್ಪು ಚುಕ್ಕಿ ಇದ್ದರೆ ನಾಕಿಂಗ್ ಶುರುವಾಗಿದೆ. ಆ ಚುಕ್ಕಿಗಳ ನಡುವೆ ಲೈಟಿಗೆ ಹಿಡಿದಾಗ ಫಳಫಳ ಹೊಳೆಯುವ ಬೆಳ್ಳಿ ಬಣ್ಣದ ಕಣ ಕಂಡರೆ ಅದು ಪಿಸ್ಟನ್ನಿನ ಅಲ್ಯೂಮಿನಿಯಂ. ಆ ದಿನ ಇನ್ನು ರನ್ ಇಲ್ಲ. ಬಾಗಿದ ಅರ್ತ್ ಕಡ್ಡಿಯ ಮೇಲೆ ಬಣ್ಣ ಬದಲಾಗುವ ಗೆರೆಯೊಂದು ಇರುತ್ತದೆ: ತುದಿಯ ಕಡೆಗಿದ್ದರೆ ಟೈಮಿಂಗ್ ಹಿಂದಿದೆ, ಬಾಗಿನ ಹತ್ತಿರವಿದ್ದರೆ ಸರಿ, ವೆಲ್ಡ್ ಆಗಿರುವ ಬುಡಕ್ಕೆ ಇಳಿದಿದ್ದರೆ ಎರಡು ಡಿಗ್ರಿ ಹಿಂದಕ್ಕೆ ಎಳೆಯಿರಿ. ನಾಲ್ಕೂ ಪ್ಲಗ್ಗನ್ನು ಸಿಲಿಂಡರಿನ ಕ್ರಮದಲ್ಲೇ ಜೋಡಿಸಿಟ್ಟು ನೋಡಬೇಕು. ಮೂರು ಚೆನ್ನಾಗಿದ್ದು ಒಂದು ಬಿಳಿಚಿಕೊಂಡಿದ್ದರೆ ಮ್ಯಾಪಿನ ತಪ್ಪಲ್ಲ, ಆ ಸಿಲಿಂಡರಿನ ಇಂಜೆಕ್ಟರ್ ಕಟ್ಟಿಕೊಂಡಿದೆ.

7. ಬೆಂಡ್ ಪೈಪ್ ಸೀಳುತ್ತದೆ, ಸೀಳಿಯೇ ಸೀಳುತ್ತದೆ

ಟರ್ಬೊ ಜೋತುಬೀಳುವುದು ಎಂಜಿನ್ನಿನ ಹೊಗೆ ಹೊರತರುವ ಬೆಂಡ್ ಪೈಪಿನ ಮೇಲೆ. ಪೈಪು ಕೆಂಪಗೆ ಕಾದು ಹಿಗ್ಗುತ್ತದೆ, ತಣ್ಣಗಾಗಿ ಕುಗ್ಗುತ್ತದೆ, ಅದರ ಜೊತೆಗೆ ಕೆಲವು ಕೆ.ಜಿ. ಕಬ್ಬಿಣದ ಭಾರ, ಎಂಜಿನ್ನಿನ ನಡುಕ. ಪೀಣ್ಯದಲ್ಲಿ ಸ್ಟೇನ್‌ಲೆಸ್ ಕೆಲಸ ಮಾಡುವ ಒಳ್ಳೊಳ್ಳೆ ಟಿಗ್ ವೆಲ್ಡರುಗಳಿದ್ದಾರೆ, ಆದರೆ ಅವರ ಕೈಗೆ ಬರುವುದು ಹೆಚ್ಚಾಗಿ ಡೈರಿ ಪೈಪು, ಟ್ಯಾಂಕು. ವೆಲ್ಡಿನ ಹೊರಭಾಗ ಮೀನಿನ ಚಿಪ್ಪಿನಂತೆ ಅಂದವಾಗಿ ಬಂದಿರುತ್ತದೆ, ಒಳಗೆ ಬೆರಳು ಹಾಕಿ ನೋಡಿದರೆ ಕಪ್ಪಗೆ ಹುರುಕಲು. ವೆಲ್ಡ್ ಮಾಡುವಾಗ ಪೈಪಿನ ಒಳಗೂ ಆರ್ಗಾನ್ ತುಂಬಿಸಬೇಕು ಅಂತ ನಿಂತು ಹೇಳಿ ಮಾಡಿಸಿ. ಒಂದು ಮಾತು ಹೆಚ್ಚು ಆಡಿದರೂ ಪರವಾಗಿಲ್ಲ. ಆ ಹುರುಕಲಿನಿಂದಲೇ ಬಿರುಕು ಶುರು, ಅದು ಉದುರಿದರೆ ನೇರ ಟರ್ಬೈನಿನ ರೆಕ್ಕೆಗೆ.

ಇನ್ನೆರಡು: ಟರ್ಬೊ ಭಾರಕ್ಕೆ ಕ್ರ್ಯಾಂಕ್‌ಕೇಸಿನಿಂದ ಪ್ರತ್ಯೇಕ ಬ್ರ್ಯಾಕೆಟ್ ಕೊಡಿ. ಪೈಪು ಹಿಗ್ಗಲು ಒಂದು ಕಡೆ ಜಾರುವ ಜಾಯಿಂಟ್ ಬಿಡಿ. ಎಲ್ಲ ಕಡೆ ಬಿಗಿದು ಕಟ್ಟಿದರೆ ಪೈಪು ತನಗೆ ಬೇಕಾದ ಜಾಯಿಂಟನ್ನು ತಾನೇ ಮಾಡಿಕೊಳ್ಳುತ್ತದೆ.

8. ಟರ್ಬೊಗೆ ಆಯಿಲ್ ಹೋಗುವುದಕ್ಕಿಂತ ವಾಪಸ್ ಬರುವುದು ದೊಡ್ಡ ತಲೆನೋವು

ಬಾಲ್ ಬೇರಿಂಗ್ ಟರ್ಬೊಗೆ ಬೇಕಾದ ಆಯಿಲ್ ಸ್ವಲ್ಪವೇ. ಫೀಡ್ ಲೈನಿನಲ್ಲಿ ಒಂದು ಮಿ.ಮೀ. ಆಸುಪಾಸಿನ ತೂತಿನ ರಿಸ್ಟ್ರಿಕ್ಟರ್ ಸಾಕು. ವಾಪಸ್ ಪೈಪು ಮಾತ್ರ ಹೆಬ್ಬೆರಳು ದಪ್ಪ ಇರಬೇಕು, ಎಲ್ಲೂ ಮೇಲಕ್ಕೆ ಬಾಗದೆ ಎಂಜಿನ್ನಿನ ಆಯಿಲ್ ಚೇಂಬರಿಗೆ ಇಳಿಯಬೇಕು. ಟರ್ಬೊ ತೀರಾ ಕೆಳಗೆ ಕೂತಿದ್ದರೆ ಆಯಿಲ್ ತಾನಾಗಿ ಹರಿಯುವುದಿಲ್ಲ, ಸ್ಕಾವೆಂಜ್ ಪಂಪ್ ಬೇಕೇಬೇಕು. ಗಾಡಿ ನೀಲಿ ಹೊಗೆ ಬಿಟ್ಟ ಕೂಡಲೇ "ಟರ್ಬೊ ಸೀಲ್ ಹೋಯ್ತು" ಅನ್ನುತ್ತಾರೆ. ಹತ್ತರಲ್ಲಿ ಎಂಟು ಸಲ ಸೀಲ್ ಚೆನ್ನಾಗಿಯೇ ಇರುತ್ತದೆ, ಆಯಿಲ್ ಇಳಿಯಲು ದಾರಿ ಇರುವುದಿಲ್ಲ.

ಬೂಸ್ಟಿನಲ್ಲಿ ಸ್ವಲ್ಪ ಗ್ಯಾಸ್ ರಿಂಗ್ ದಾಟಿ ಚೇಂಬರಿಗೆ ಇಳಿಯುತ್ತದೆ. ಬ್ರೀದರ್ ಸಣ್ಣದಾದರೆ ಆ ಒತ್ತಡ ಸಿಕ್ಕ ಸೀಲಿನಿಂದ ಆಯಿಲ್ ಹೊರಗೆ ಉಗುಳುತ್ತದೆ, ಹಿಂದೆ ಇರುವುದು ಟಯರು. ಕೆಳಗೆ ಆಯಿಲ್ ಹಿಡಿಯುವ ಬೆಲ್ಲಿ ಪ್ಯಾನ್ ಇಲ್ಲದ ಗಾಡಿಯನ್ನು ಸ್ಟಾರ್ಟ್ ಲೈನಿಗೆ ಬಿಡಬಾರದು. ಎಣ್ಣೆ ಬಿದ್ದ ಲೇನಿನಲ್ಲಿ ಮುಂದಿನ ಸರದಿ ಇನ್ನೊಬ್ಬರ ಮನೆಯ ಹುಡುಗನದು.

9. ಮುಂಚಕ್ರದ ಸೂತ್ರದಲ್ಲಿ ಅಶ್ವಶಕ್ತಿಯೇ ಇಲ್ಲ

ಇಡೀ ಬರಹದಲ್ಲಿ ಒಂದನ್ನೇ ಓದುತ್ತೀರಿ ಅಂದರೆ ಇದನ್ನು ಓದಿ.

ಮುಂಚಕ್ರ ಏಳದೆ ಗಾಡಿ ಎಷ್ಟು ರಭಸವಾಗಿ ಹೊರಡಬಹುದು ಅನ್ನುವುದಕ್ಕೆ ಒಂದು ಮಿತಿ ಇದೆ. ಗಾಡಿ ಮತ್ತು ಸವಾರನ ಒಟ್ಟು ಭಾರದ ಕೇಂದ್ರ ಹಿಂದಿನ ಆಕ್ಸಲಿನಿಂದ ಎಷ್ಟು ಮುಂದಿದೆ, ನೆಲದಿಂದ ಎಷ್ಟು ಎತ್ತರದಲ್ಲಿದೆ, ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿ. ಬಂದದ್ದು ಎಷ್ಟೋ ಅಷ್ಟು 'ಜಿ'. ಸ್ಟಾಕ್ ಹಯಾಬುಸಾದ ವೀಲ್‌ಬೇಸ್ 1480 ಮಿ.ಮೀ. ಕೇಂದ್ರ ನಟ್ಟನಡುವೆ, ಅಂದರೆ 740 ಮಿ.ಮೀ. ಮುಂದೆ, 680 ಮಿ.ಮೀ. ಎತ್ತರದಲ್ಲಿ ಇದೆ ಅಂತ ಇಟ್ಟುಕೊಂಡರೆ 1.09 ಜಿ. ಅದಕ್ಕಿಂತ ಒಂದು ಕೂದಲು ಹೆಚ್ಚು ಎಳೆದರೂ ಮುಂಚಕ್ರ ಆಕಾಶಕ್ಕೆ. ಎಂಜಿನ್ 200 ಅಶ್ವಶಕ್ತಿಯದೋ 600ರದೋ ಅನ್ನುವುದು ಈ ಭಾಗಾಕಾರದಲ್ಲಿ ಎಲ್ಲೂ ಬರುವುದಿಲ್ಲ.

ಇನ್ನೊಂದು ಲೆಕ್ಕ. ಗಾಡಿ 260, ಸವಾರ 80, ಒಟ್ಟು 340 ಕೆ.ಜಿ. ಇದನ್ನು ಗಂಟೆಗೆ 100 ಕಿ.ಮೀ. ವೇಗದಲ್ಲಿ 1.09 ಜಿ ಎಳೆಯಲು ಹಿಂಚಕ್ರದಲ್ಲಿ ಬೇಕಾದ್ದು ಸುಮಾರು 135 ಅಶ್ವಶಕ್ತಿ. ಸ್ಟಾಕ್ ಎಂಜಿನ್ನೇ ಅದನ್ನು ಕೊಡುತ್ತದೆ. ಅಂದಮೇಲೆ 100 ತಲುಪುವ ತನಕ ನೀವು ಲಕ್ಷಗಟ್ಟಲೆ ಸುರಿದ ಟರ್ಬೊಗೆ ಮಾಡಲು ಕೆಲಸವೇ ಇಲ್ಲ!

ಈಗ ಸ್ವಿಂಗ್ ಆರ್ಮ್ 200 ಮಿ.ಮೀ. ಉದ್ದ ಮಾಡಿ, ಮುಂದಿನ ಫೋರ್ಕನ್ನು ಸ್ಟ್ರ್ಯಾಪ್ ಹಾಕಿ ಕೆಳಗೆಳೆದು, ಹಿಂದೆಯೂ ಇಳಿಸಿ. ಕೇಂದ್ರ 900 ಮಿ.ಮೀ. ಮುಂದೆ, 620 ಎತ್ತರದಲ್ಲಿ ಬಂತು ಅಂದರೆ 1.45 ಜಿ. ಮೊದಲ 60 ಅಡಿ, ಅಂದರೆ 18.3 ಮೀಟರ್ ದಾಟಲು ಲೆಕ್ಕದ ಪ್ರಕಾರ ಮೊದಲು 1.85 ಸೆಕೆಂಡು ಬೇಕಿತ್ತು, ಈಗ 1.6. ಕಾಲು ಸೆಕೆಂಡು ಉಳಿಯಿತು, ಒಂದು ಪಿಎಸ್‌ಐ ಬೂಸ್ಟ್ ಏರಿಸದೆ. ಅಲ್ಲಿ ಉಳಿಸಿದ ಕಾಲು ಸೆಕೆಂಡು ಫಿನಿಶ್ ತನಕವೂ ನಿಮ್ಮ ಜೊತೆಗೇ ಬರುತ್ತದೆ. ಉದ್ದನೆಯ ಗಾಡಿ ತಿರುವಿನಲ್ಲಿ ದೋಣಿಯಂತೆ ವಾಲಾಡುತ್ತದೆ, ಹಾಗಾಗಿ ಸ್ಟೈಲಿಗೆ ಅಂತ ಸ್ವಿಂಗ್ ಆರ್ಮ್ ಉದ್ದ ಮಾಡಿಸಿ ನಂದಿಬೆಟ್ಟಕ್ಕೆ ಹೋಗುವವರಿಗೆ ಈ ಪಾಠ ಅನ್ವಯಿಸುವುದಿಲ್ಲ.

10. ಗೇರಿಗೊಂದು ಬೂಸ್ಟ್

ಹಾಗಾದರೆ ಟರ್ಬೊ ಯಾಕೆ? ಎರಡನೆಯ ಗೇರಿನ ಕೊನೆಯಿಂದ ಆರನೆಯ ಗೇರಿನ ತನಕ, ಮುಂಚಕ್ರ ಎತ್ತುವಷ್ಟು ಬಲ ಸ್ಟಾಕ್ ಎಂಜಿನ್ನಿನಲ್ಲಿ ಉಳಿಯದ ಕಡೆ. ವೇಸ್ಟ್‌ಗೇಟಿನಲ್ಲಿ 7-8 ಪಿಎಸ್‌ಐ ಸ್ಪ್ರಿಂಗ್ ಇಟ್ಟು, ಅದರ ತಲೆಯ ಮೇಲೆ ಸಣ್ಣ ಬಾಟಲಿಯ ಸಿಓ2 ಒತ್ತಡ ಕೊಟ್ಟು ಏರಿಸುವುದು ಡ್ರ್ಯಾಗಿನವರ ಪದ್ಧತಿ. ಎಲೆಕ್ಟ್ರಾನಿಕ್ ಕಂಟ್ರೋಲರ್ ಗೇರ್ ನೋಡಿ ಅಥವಾ ಸೆಕೆಂಡು ಎಣಿಸಿ ಒತ್ತಡ ಏರಿಸುತ್ತದೆ: ಒಂದರಲ್ಲಿ ಸ್ಪ್ರಿಂಗಿನಷ್ಟೇ, ಎರಡರಲ್ಲಿ ಸ್ವಲ್ಪ, ನಾಲ್ಕರಿಂದ ಪೂರ್ತಿ. ಗೇರಿಗಿಂತ ಸಮಯಕ್ಕೆ ಕಟ್ಟುವುದು ನನಗೆ ಇಷ್ಟ, ಏರಿಕೆ ಮೆಟ್ಟಿಲಾಗದೆ ಇಳಿಜಾರಾಗಿರುತ್ತದೆ. ಟ್ರ್ಯಾಕಿನ ಹಿಡಿತ ಬೆಳಗ್ಗೆ ಒಂದು, ಮಧ್ಯಾಹ್ನ ಒಂದು. ಬಿಸಿಲಿಗೆ ಡಾಂಬರು ಜಾರಲು ಶುರುವಾದರೆ ಮೊದಲ ಎರಡು ಸೆಕೆಂಡಿನ ಬೂಸ್ಟನ್ನಷ್ಟೇ ಇಳಿಸಿ, ಮೇಲಿನದನ್ನು ಮುಟ್ಟಬೇಡಿ.

11. ಕ್ಲಚ್ಚು ಮಾತಾಡುತ್ತದೆ

ಸ್ಟಾಕ್ ಕ್ಲಚ್ ಸ್ಪ್ರಿಂಗು ಟರ್ಬೊ ಟಾರ್ಕನ್ನು ಹಿಡಿಯುವುದಿಲ್ಲ. ಬಿಗಿ ಸ್ಪ್ರಿಂಗ್ ಹಾಕಿದರೆ ಹಿಡಿಯುತ್ತದೆ, ಆದರೆ ಸ್ಟಾರ್ಟಿನಲ್ಲಿ ಜಾರದೆ ಧಡಕ್ಕನೆ ಕಚ್ಚಿ ಗಾಡಿಯನ್ನು ನಿಲ್ಲಿಸಿಬಿಡುತ್ತದೆ. ಎರಡನ್ನೂ ಸರಿದೂಗಿಸುವುದು ಲಾಕ್‌ಅಪ್: ಪ್ರೆಷರ್ ಪ್ಲೇಟಿನ ಮೇಲೆ ಕೀಲು ಕೊಟ್ಟ ಪುಟ್ಟ ತೋಳುಗಳು. ಆರ್‌ಪಿಎಂ ಏರಿದಂತೆ ಅವು ಹೊರಕ್ಕೆ ಎಸೆದುಕೊಂಡು ಪ್ಲೇಟನ್ನು ಒತ್ತುತ್ತವೆ. ಹೊರಡುವಾಗ ಮೃದು, ಓಡುವಾಗ ಬಿಗಿ.

ಟ್ಯೂನಿಂಗ್ ಎಲ್ಲ ಆ ತೋಳಿಗೆ ಸೇರಿಸುವ ವಾಷರುಗಳ ತೂಕದಲ್ಲಿ, ಗ್ರಾಂ ಲೆಕ್ಕದಲ್ಲಿ. ತೂಕ ಹೆಚ್ಚಾದರೆ ಬೇಗ ಕಚ್ಚಿ ಮುಂಚಕ್ರ ಏಳುತ್ತದೆ, ಕಡಿಮೆಯಾದರೆ ಮೂರನೇ ಗೇರಿನಲ್ಲಿ ಆರ್‌ಪಿಎಂ ಏರುತ್ತದೆ, ವೇಗ ಏರುವುದಿಲ್ಲ, ಹಿಂದೆಯೇ ಸುಟ್ಟ ಫೈಬರ್ ವಾಸನೆ. ಆ ವಾಸನೆ ಒಂದು ಸಲ ಮೂಗಿಗೆ ಹತ್ತಿದರೆ ಮರೆಯುವುದಿಲ್ಲ. ಸವಾರನಿಗೆ ಮೊದಲೇ ಹೇಳಿಡಬೇಕಾದ ವಿಷಯ: ಮೇಲಿನ ಆರ್‌ಪಿಎಂನಲ್ಲಿ ಕ್ಲಚ್ ಲಿವರ್ ಕಲ್ಲಾಗಿರುತ್ತದೆ, ಎರಡು ಕೈಯಲ್ಲೂ ಎಳೆಯಲಾಗುವುದಿಲ್ಲ. "ಏನಾದ್ರೂ ಆದ್ರೆ ಕ್ಲಚ್ ಹಿಡಿತೀನಿ ಗುರು" ಅನ್ನುವ ಧೈರ್ಯ ಇಲ್ಲಿ ನಡೆಯದು. ಮಣಿಕಟ್ಟಿಗೆ ಕಟ್ಟಿದ ಕಿಲ್ ಕಾರ್ಡ್ ಇರಲೇಬೇಕು.

12. ಲ್ಯಾಗ್ ಬಗ್ಗೆ ಅಳಬೇಡಿ

1980ರ ದಶಕದ ಮೊದಲಲ್ಲಿ ಜಪಾನಿನ ನಾಲ್ಕೂ ಕಂಪನಿಗಳು ಟರ್ಬೊ ಬೈಕ್ ಮಾರಿದವು: ಹೋಂಡಾ ಸಿಎಕ್ಸ್500, ಯಮಹಾ ಎಕ್ಸ್‌ಜೆ650, ಸುಜುಕಿ ಎಕ್ಸ್‌ಎನ್85, ಕವಾಸಾಕಿ 750. ಕೆಲವೇ ವರ್ಷಗಳಲ್ಲಿ ಎಲ್ಲವೂ ಅಂಗಡಿಯಿಂದ ಮಾಯ. ಭಾರ, ಬೆಲೆ, ಮೇಲೆ ಥ್ರಾಟಲ್ ತಿರುಗಿಸಿ ಶಕ್ತಿಗಾಗಿ ಕಾಯಬೇಕಾದ ಕಿರಿಕಿರಿ. ಡ್ರ್ಯಾಗಿನಲ್ಲಿ ಥ್ರಾಟಲ್ ಮುಚ್ಚುವುದೇ ಇಲ್ಲವಲ್ಲ! ಏರ್ ಶಿಫ್ಟರ್ ಇದ್ದರೆ ಪೂರ್ತಿ ಥ್ರಾಟಲಿನಲ್ಲೇ ಗೇರ್ ಬೀಳುತ್ತದೆ, ಎಂಜಿನ್ ಕಣ್ಣು ಮಿಟುಕಿಸುವಷ್ಟು ಹೊತ್ತು ಕಟ್ ಆಗುತ್ತದೆ, ಟರ್ಬೈನ್ ಸುತ್ತುತ್ತಲೇ ಇರುತ್ತದೆ. ಲೈನಿನಲ್ಲಿ ನಿಂತಾಗ ಆರ್‌ಪಿಎಂ ಕಟ್ಟಿಹಾಕುವ ಟೂ-ಸ್ಟೆಪ್ ಹಿಡಿದು ಪಟಪಟ ಸದ್ದಿನಲ್ಲಿ ಬೂಸ್ಟ್ ಕಟ್ಟುವುದು ನೋಡಲು ಚೆಂದ. ಅಷ್ಟೂ ಬೆಂಕಿ ಬೆಂಡ್ ಪೈಪಿನ ಒಳಗೆ ಉರಿಯುತ್ತಿರುತ್ತದೆ. ಎರಡು ಸೆಕೆಂಡಿಗಿಂತ ಹೆಚ್ಚು ಬೇಡ.

13. ರಸ್ತೆಗೆ ಟರ್ಬೊ ಗಾಡಿ ಕಟ್ಟಿಕೊಡುವುದಿಲ್ಲ

ಕಾನೂನು ಇದೆ: 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಗಾಡಿಯನ್ನು ಹೀಗೆ ಬದಲಿಸಿ ರಸ್ತೆಗೆ ಇಳಿಸುವಂತಿಲ್ಲ. ಕಾನೂನು ಇಲ್ಲದಿದ್ದರೂ ಕಟ್ಟಿಕೊಡುತ್ತಿರಲಿಲ್ಲ. ರಾತ್ರಿ ಏರ್‌ಪೋರ್ಟ್ ರಸ್ತೆಯಲ್ಲಿ ನಿಲ್ಲಿಸಲು ಜಾಗವಿಲ್ಲ, ಆಂಬುಲೆನ್ಸ್ ಇಲ್ಲ, ಎದುರಿಗೆ ಯಾರು ಬರುತ್ತಾರೋ ಗೊತ್ತಿಲ್ಲ. ಗಾಡಿ ಪಿಕಪ್ಪಿನಲ್ಲಿ ಟ್ರ್ಯಾಕಿಗೆ ಬರಲಿ.

ಟ್ರ್ಯಾಕಿನಲ್ಲೂ ಮರೆಯಬಾರದ ಒಂದು ಹೆಸರು ಬಿಲ್ ವಾರ್ನರ್. 2011ರಲ್ಲಿ ಅಮೆರಿಕದ ಮೇಯ್ನ್ ರಾಜ್ಯದ ಲೋರಿಂಗ್ ರನ್‌ವೇಯಲ್ಲಿ ಟರ್ಬೊ ಹಯಾಬುಸಾ ಮೇಲೆ ಗಂಟೆಗೆ 311.945 ಮೈಲಿ, ಅಂದರೆ 502 ಕಿ.ಮೀ. ಮುಟ್ಟಿದವನು. 2013ರಲ್ಲಿ ಅದೇ ರನ್‌ವೇಯಲ್ಲಿ ಇನ್ನೊಂದು ದಾಖಲೆಗೆ ಪ್ರಯತ್ನಿಸುವಾಗ ಬಿದ್ದು ತೀರಿಕೊಂಡ. ಅಷ್ಟು ತಿಳಿದವನಿಗೇ ಹಾಗಾಯಿತು ಅಂತ ಹೆದರಿಸಲು ಹೇಳುತ್ತಿಲ್ಲ. ಲೆದರ್ ಸೂಟು ಸೆಕೆ ಅಂತ ಜಿಪ್ ಇಳಿಸಿಕೊಂಡು ಲೈನಿಗೆ ಬರುವವರಿಗೆ ಹೇಳುತ್ತಿದ್ದೇನೆ.

14. ಸ್ಲಿಪ್ಪನ್ನು ಕೆಳಗಿನಿಂದ ಓದಬೇಡಿ

ರನ್ ಮುಗಿದ ಮೇಲೆ ಕೈಗೆ ಬರುವ ಸಮಯದ ಸ್ಲಿಪ್ಪಿನಲ್ಲಿ ಎಲ್ಲರ ಕಣ್ಣೂ ಮೊದಲು ಕೊನೆಯ ಸಾಲಿಗೆ ಹೋಗುತ್ತದೆ. ಫಿನಿಶಿನ ವೇಗ ಎಂಜಿನ್ನಿನ ಬಲ ಹೇಳುತ್ತದೆ, ಒಟ್ಟು ಸಮಯ ಹೊರಟ ರೀತಿ ಹೇಳುತ್ತದೆ. ಒಂದು ಗಾಡಿ 250 ಕಿ.ಮೀ. ವೇಗದಲ್ಲಿ 9.9 ಸೆಕೆಂಡು, ಇನ್ನೊಂದು 240ರಲ್ಲಿ 9.4 ಅಂದುಕೊಳ್ಳಿ. ಮೊದಲನೆಯವನು ಬೂಸ್ಟ್ ಏರಿಸಿ ಅನ್ನುತ್ತಾನೆ. ಅವನಿಗೆ ಬೇಕಾಗಿರುವುದು ಕ್ಲಚ್ಚಿನ ಎರಡು ವಾಷರು. 60 ಅಡಿಯ ಸಮಯ ಕೊಡದ ಕಡೆ ಜಿಪಿಎಸ್ ಲಾಗರ್ ಕಟ್ಟಿ ನಾವೇ ತೆಗೆಯುತ್ತೇವೆ. ಅದನ್ನು ಬೂಸ್ಟ್, ಆರ್‌ಪಿಎಂ, ವೈಡ್‌ಬ್ಯಾಂಡ್ ಗೆರೆಗಳ ಪಕ್ಕ ಇಟ್ಟು ನೋಡಿ, ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ ಮುಂದಿನ ರನ್ನಿಗೆ ಕಳಿಸುವುದು.

ಸುತ್ತುಗಳ ನಡುವೆ ನನ್ನ ಹುಡುಗರು ಮಾಡುವುದಿಷ್ಟು. ಒಬ್ಬ ಟರ್ಬೊ ಮೇಲೆ ಫ್ಯಾನ್ ಹಿಡಿದು ಬೆಂಡ್ ಪೈಪಿನ ವೆಲ್ಡುಗಳನ್ನು ಟಾರ್ಚ್ ಬಿಟ್ಟು ನೋಡುತ್ತಾನೆ. ಇನ್ನೊಬ್ಬ ಐಸ್ ಬದಲಿಸಿ, ಚೇನ್ ಬಿಗಿ ನೋಡಿ, ಸಿಓ2 ಗೇಜು ಓದಿ ಚೀಟಿಯಲ್ಲಿ ಬರೆಯುತ್ತಾನೆ. ನಾನು ಕ್ಲಚ್ ಕವರ್ ಬಿಚ್ಚಿ ಪ್ಲೇಟುಗಳ ಒಟ್ಟು ದಪ್ಪವನ್ನು ವರ್ನಿಯರ್‌ನಲ್ಲಿ ಅಳೆಯುತ್ತೇನೆ. ಸವೆದು ತೆಳುವಾಗಿದ್ದರೆ ಸ್ಟೀಲ್ ಪ್ಲೇಟೊಂದನ್ನು ದಪ್ಪದ್ದಕ್ಕೆ ಬದಲಿಸಿ ಮೊದಲಿನ ಅಳತೆಗೇ ತರುತ್ತೇವೆ, ಇಲ್ಲದಿದ್ದರೆ ಹಿಂದಿನ ರನ್ನಿನಲ್ಲಿ ಕೂಡಿಸಿದ ವಾಷರಿನ ಲೆಕ್ಕ ಮುಂದಿನ ರನ್ನಿಗೆ ಹೊಂದುವುದಿಲ್ಲ. ಕವರಿನ ಬೋಲ್ಟ್ ಬಿಗಿಯುವಷ್ಟರಲ್ಲಿ ಮೈಕಿನಲ್ಲಿ ನಮ್ಮ ನಂಬರ್ ಕೂಗಿರುತ್ತಾರೆ.